ಪಕ್ಕದ ಶಾಲೆಯ ಪಾಠ ನಮ್ಮ ತರಗತಿಗೆ ಬರುವ ದಾರಿ: ಶಿಕ್ಷಕರು ಪರಸ್ಪರ ಕಲಿಯಲು ಒಂದು ಸಮಗ್ರ ಮಾರ್ಗದರ್ಶಿ

ಐದನೇ ತರಗತಿಯಲ್ಲಿ 1/3 ದೊಡ್ಡದೋ 1/4 ದೊಡ್ಡದೋ ಎಂದು ಕೇಳಿ ನೋಡಿ. ‘ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ ಸರ್, ಹಾಗಾದರೆ 1/4’ ಎನ್ನುವ ಮಕ್ಕಳು ಪ್ರತಿ ವರ್ಷವೂ ಸಿಗುತ್ತಾರೆ. ನಾನು ಈ ತಪ್ಪನ್ನು ವರ್ಷಗಟ್ಟಲೆ ಒಂದೇ ರೀತಿಯಲ್ಲಿ ತಿದ್ದುತ್ತಿದ್ದೆ. ಕಪ್ಪುಹಲಗೆಯ ಮೇಲೆ ಎರಡು ವೃತ್ತ ಬರೆದು, ಗೆರೆ ಎಳೆದು, ಬಣ್ಣ ತುಂಬಿ ತೋರಿಸುತ್ತಿದ್ದೆ. ಮಕ್ಕಳು ತಲೆಯಾಡಿಸುತ್ತಿದ್ದರು. ಪರೀಕ್ಷೆಯಲ್ಲಿ ಮತ್ತೆ ಅದೇ ತಪ್ಪು.

ಎಂಟು ಕಿಲೋಮೀಟರ್ ಆಚೆಯ ಶಾಲೆಯ ಮೇಡಂ ಒಬ್ಬರು ಇದೇ ಪಾಠವನ್ನು ಬೇರೆ ರೀತಿ ಮಾಡುತ್ತಾರೆ ಎಂಬುದು ನನಗೆ ತಿಳಿದದ್ದು ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ, ಅದೂ ಊಟದ ಹೊತ್ತಿನಲ್ಲಿ. ‘ಒಂದೇ ಅಳತೆಯ ಎರಡು ಜೋಳದ ರೊಟ್ಟಿ ತೆಗೆದುಕೊಂಡು ಹೋಗುತ್ತೇನೆ ಸರ್. ಆದರೆ ಮೊದಲು ಮುರಿಯುವುದಿಲ್ಲ. ಪ್ರತಿ ಮಗುವೂ ಉತ್ತರವನ್ನು ಸ್ಲೇಟಿನಲ್ಲಿ ಬರೆದು ಎತ್ತಿ ಹಿಡಿಯಬೇಕು, ಆಮೇಲೆ ಪಕ್ಕದವರೊಂದಿಗೆ ವಾದ ಮಾಡಬೇಕು, ಕೊನೆಗೆ ರೊಟ್ಟಿ’ ಎಂದರು. ಮುಂದಿನ ವಾರವೇ ನಾನೂ ಮಾಡಿದೆ. ಪಾಠ ಮೇಲೇಳಲಿಲ್ಲ. ಅವರೇ ಒಂದು ದಿನ ಬಂದು ಹಿಂದಿನ ಸಾಲಿನಲ್ಲಿ ಕುಳಿತು ನೋಡಿ ಕಾರಣ ಹೇಳಿದರು. ಮೊದಲ ಸರಿಯುತ್ತರ ಕಂಡ ಕೂಡಲೇ ನಾನು ‘ಸರಿ’ ಎಂದಿದ್ದೆ. ಆ ಕ್ಷಣದಲ್ಲೇ ಏಳೆಂಟು ಸ್ಲೇಟುಗಳು ಕೆಳಗಿಳಿದವು, ಅಂಗಿಯ ತೋಳಿನಿಂದ 4 ಅಳಿಸಿ 3 ಬರೆದವು, ಮತ್ತೆ ಮೇಲೆದ್ದವು. ನಾನು ಹಲಗೆಯ ಕಡೆ ತಿರುಗಿದ್ದರಿಂದ ಅದು ನನಗೆ ಕಂಡಿರಲಿಲ್ಲ.

ಈ ಮಾರ್ಗದರ್ಶಿಯ ತಿರುಳು ಇಷ್ಟೇ: ಹೊಸ ವಿಧಾನವಾಗಲಿ ಹೊಸ ತಂತ್ರಾಂಶವಾಗಲಿ, ಒಬ್ಬರ ತರಗತಿಯನ್ನು ಇನ್ನೊಬ್ಬರು ಕಣ್ಣಾರೆ ನೋಡಿದಾಗ ಮಾತ್ರ ಪೂರ್ತಿಯಾಗಿ ದಾಟುತ್ತದೆ. ನಮ್ಮ ನಾಡಿಗೆ ಇದು ಹೊಸತೂ ಅಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಶುರುವಾದದ್ದು ಹೀಗೆಯೇ. ಯುನಿಸೆಫ್ ನೆರವಿನಿಂದ ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಗೆ ಹೋಗಿ, ಹಲವು ತರಗತಿಗಳ ಮಕ್ಕಳು ಒಟ್ಟಿಗೆ ಕಲಿಯುವ ಬಹುವರ್ಗ ತರಗತಿಯನ್ನು ಕಣ್ಣಾರೆ ಕಂಡು, ಹಿಂತಿರುಗಿ ಕನ್ನಡದ ಕಾರ್ಡುಗಳನ್ನೂ, ಮಗು ಮೆಟ್ಟಿಲು ಮೆಟ್ಟಿಲಾಗಿ ಏರುವ ಕಲಿಕಾ ಏಣಿಯನ್ನೂ ತಾವೇ ರೂಪಿಸಿದರು. ಅಂದಿನ ಆ ಪ್ರಯೋಗ 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ 1 ಮತ್ತು 2ನೇ ತರಗತಿಗಳಿಗೆ ವಿಸ್ತರಿಸಿತು. ಅದರ ಬೇರಿನಲ್ಲಿರುವುದು ಒಬ್ಬ ಶಿಕ್ಷಕರು ಇನ್ನೊಬ್ಬ ಶಿಕ್ಷಕರ ಕೋಣೆಯಲ್ಲಿ ಕುಳಿತು ನೋಡಿದ ಆ ಕೆಲವು ದಿನಗಳು.

ಹಂತ 1: ಮಕ್ಕಳು ಎಡವುವ ಒಂದು ಜಾಗ ಹಿಡಿಯಿರಿ

‘ಈ ತಿಂಗಳು ಯಾವ ಆ್ಯಪ್ ಕಲಿಯೋಣ?’ ಎಂದು ಆರಂಭಿಸಿದ ಗುಂಪುಗಳು ಎರಡನೇ ಸಭೆಗೇ ಕರಗುವುದನ್ನು ಕಂಡಿದ್ದೇನೆ. ‘ನಮ್ಮ ಮಕ್ಕಳು ಎಲ್ಲಿ ಎಡವುತ್ತಿದ್ದಾರೆ?’ ಎಂದು ಆರಂಭಿಸಿದವು ಉಳಿಯುತ್ತವೆ. ಪ್ರಶ್ನೆ ಚಿಕ್ಕದಾಗಿರಲಿ. ‘ಗಣಿತದಲ್ಲಿ ಹಿಂದುಳಿದಿದ್ದಾರೆ’ ಎಂಬುದು ಪ್ರಶ್ನೆಯಲ್ಲ, ಕೊರಗು. ‘ಛೇದ ದೊಡ್ಡದಾದರೆ ಭಿನ್ನರಾಶಿಯೂ ದೊಡ್ಡದು ಎಂದುಕೊಳ್ಳುತ್ತಾರೆ’ ಎಂಬುದು ಕೈಗೆ ಸಿಗುವ ಪ್ರಶ್ನೆ. ‘ಓದಲು ಬರುವುದಿಲ್ಲ’ ಎನ್ನುವ ಬದಲು ‘ಒತ್ತಕ್ಷರ ಬಂದಲ್ಲಿ ಮೂರನೇ ತರಗತಿಯ ಮಕ್ಕಳು ನಿಲ್ಲುತ್ತಾರೆ’ ಎಂದು ಬರೆದುಕೊಳ್ಳಿ.

ಪ್ರಶ್ನೆಯ ಜೊತೆಗೆ ಸಾಕ್ಷಿಯೂ ಬರಲಿ. ಪ್ರತಿಯೊಬ್ಬರೂ ತಮ್ಮ ತರಗತಿಯ ಐದು ಮಕ್ಕಳ ನೋಟ್‌ಪುಸ್ತಕ ತನ್ನಿ. ಮೇಜಿನ ಮೇಲೆ ಹರಡಿ ಓದಿದರೆ, ಬೇರೆ ಬೇರೆ ಊರಿನ ಮಕ್ಕಳು ಒಂದೇ ತಪ್ಪನ್ನು ಒಂದೇ ರೀತಿಯಲ್ಲಿ ಮಾಡಿರುವುದು ಕಾಣುತ್ತದೆ. ‘ಇದು ನನ್ನೊಬ್ಬನ ಸೋಲು’ ಎಂಬ ಭಾರ ಅಲ್ಲಿಗೇ ಇಳಿಯುತ್ತದೆ. ಆ ನಿರಾಳತೆಯಿಲ್ಲದೆ ಯಾರೂ ಮನಸ್ಸು ಬಿಚ್ಚಿ ಮಾತನಾಡುವುದಿಲ್ಲ.

ಹಂತ 2: ನಾಲ್ಕೈದು ಜನ, ಒಂದು ನಿಗದಿತ ದಿನ

ಗುಂಪು ಚಿಕ್ಕದಿರಲಿ, ಶಾಲೆಗಳು ಬೈಕಿನಲ್ಲಿ ಇಪ್ಪತ್ತು ನಿಮಿಷದೊಳಗೆ ತಲುಪುವಷ್ಟು ಹತ್ತಿರವಿರಲಿ. ಒಂದೇ ವಿಷಯ ಅಥವಾ ಒಂದೇ ಹಂತದ ತರಗತಿಯವರು ಸೇರಿದರೆ ಒಳ್ಳೆಯದು. ಹಿರಿಯರೂ ಹೊಸಬರೂ ಇರಲೇಬೇಕು. ಫೋನಿನಲ್ಲಿ ಚುರುಕಾದ ಹೊಸ ಶಿಕ್ಷಕಿಗೆ ಮಕ್ಕಳ ಮನಸ್ಸು ಓದಲು ಇಪ್ಪತ್ತೈದು ವರ್ಷದ ಅನುಭವದ ಮೇಷ್ಟ್ರು ಬೇಕು. ಮೇಷ್ಟ್ರಿಗೆ ಆಕೆಯ ಕೈಚಳಕ ಬೇಕು.

ಸರ್ಕಾರಿ ಶಾಲೆಗಳಲ್ಲಿ ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಸಿಗುವ ಎರಡು ಗಂಟೆ ಇದಕ್ಕೆ ಸರಿಯಾದ ಸಮಯ. ತಿಂಗಳಿಗೆ ಒಂದು ಶನಿವಾರ ಸಾಕು. ತರಗತಿ ವೀಕ್ಷಣೆಗೆ ಮಾತ್ರ ಶಾಲಾ ಸಮಯ ಬೇಕಾಗುತ್ತದೆ. ಅದಕ್ಕೆ ಮುಖ್ಯ ಶಿಕ್ಷಕರ ಅನುಮತಿ ಮುಂಚಿತವಾಗಿ ಪಡೆಯಿರಿ, ಸಿಆರ್‌ಪಿಯವರಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬರವಣಿಗೆಯಲ್ಲಿ ತಿಳಿಸಿ. ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಅಭಿವೃದ್ಧಿಯಲ್ಲಿ ತೊಡಗಬೇಕೆಂದು ನಿರೀಕ್ಷಿಸುತ್ತದೆ. ಅನುಮತಿ ಕೇಳುವ ಪತ್ರದಲ್ಲಿ ಆ ಮಾತು ಸೇರಿಸಿದರೆ ನಿಮ್ಮ ಕೋರಿಕೆಗೆ ತೂಕ ಬರುತ್ತದೆ.

ಹಂತ 3: ಮೊದಲ ಪ್ರಯೋಗಕ್ಕೆ ದುಡ್ಡೂ ಬೇಡ, ವಿದ್ಯುತ್ತೂ ಬೇಡ

ಮೊದಲ ತಿಂಗಳಲ್ಲೇ ಪ್ರೊಜೆಕ್ಟರ್ ಹಿಡಿದು ಹೊರಡಬೇಡಿ. ಎಲ್ಲರೂ ನಾಳೆಯೇ ಮಾಡಬಹುದಾದ, ಅಳೆದು ನೋಡಬಹುದಾದ ಒಂದು ಅಭ್ಯಾಸದಿಂದ ಆರಂಭಿಸಿ. ನನ್ನ ಆಯ್ಕೆ ‘ಕಾಯುವುದು’. ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳನ್ನು ಧ್ವನಿಮುದ್ರಿಸಿ ಪರಿಶೀಲಿಸಿದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ ಎಂಬುದು ತಿಳಿಯಿತು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ತೆರೆದರು.

ಕೇಳಲು ಸುಲಭ, ಮಾಡಲು ಕಷ್ಟ. ತರಗತಿಯಲ್ಲಿ ಮೂರು ಸೆಕೆಂಡಿನ ಮೌನ ಮೂರು ನಿಮಿಷದಂತೆ ಅನ್ನಿಸುತ್ತದೆ. ಫೋನನ್ನು ಮೇಜಿನ ಮೇಲಿಟ್ಟು ನಿಮ್ಮದೇ ಹತ್ತು ನಿಮಿಷದ ಪಾಠವನ್ನು ಧ್ವನಿಮುದ್ರಿಸಿಕೊಳ್ಳಿ. ಮನೆಯಲ್ಲಿ ಕೇಳಿ, ಎಷ್ಟು ಪ್ರಶ್ನೆ ಕೇಳಿದಿರಿ, ಎಷ್ಟರಲ್ಲಿ ಕಾದಿರಿ ಎಂದು ಎಣಿಸಿ. ಮುಂದಿನ ಶನಿವಾರ ಆ ಎಣಿಕೆಯನ್ನು ಮಾತ್ರ ಗುಂಪಿನ ಮುಂದಿಡಿ. ತನ್ನ ಕೊರತೆಯನ್ನು ತಾನೇ ಎಣಿಸಿ ಹೇಳುವ ಈ ರೂಢಿ ಮೊದಲ ತಿಂಗಳಲ್ಲೇ ಬಿದ್ದರೆ ಮುಂದಿನ ದಾರಿ ಸಲೀಸು.

ಇದರ ಮುಂದಿನ ಹೆಜ್ಜೆ ‘ಯೋಚಿಸು, ಜೊತೆಯಾಗು, ಹಂಚಿಕೊ’. ಮೇರಿಲ್ಯಾಂಡ್‌ನ ಫ್ರಾಂಕ್ ಲೈಮನ್ 1981ರಲ್ಲಿ ಮುಂದಿಟ್ಟ ವಿಧಾನ ಇದು. ಮಗು ಮೊದಲು ಒಂಟಿಯಾಗಿ ಯೋಚಿಸುತ್ತದೆ, ನಂತರ ಪಕ್ಕದವರೊಡನೆ ಮಾತನಾಡುತ್ತದೆ, ಆಮೇಲಷ್ಟೇ ತರಗತಿಯ ಮುಂದೆ ಹೇಳುತ್ತದೆ. ಮೇಡಂ ಅವರ ಸ್ಲೇಟು ಮತ್ತು ವಾದ ಇದೇ ಜಾತಿಯವು. ಸ್ಲೇಟು ಸೇರಿಸಿದ್ದು ಅವರ ಜಾಣ್ಮೆ: ನಲವತ್ತು ಮಕ್ಕಳ ಉತ್ತರ ಒಂದೇ ನೋಟಕ್ಕೆ ಕಾಣುತ್ತದೆ.

ಹಂತ 4: ಪಾಠವನ್ನು ಕೂಡಿ ಕಟ್ಟಿ

ನಲವತ್ತು ನಿಮಿಷದ ಒಂದು ಅವಧಿಯನ್ನು ಗುಂಪಾಗಿ ಯೋಜಿಸಿ. ಇಲಾಖೆಯ ನಮೂನೆಯ ಪಾಠಯೋಜನೆ ಬೇರೆ ಇರಲಿ. ಇದಕ್ಕೆ ಹಾಳೆಯನ್ನು ಉದ್ದಕ್ಕೆ ಮೂರು ಭಾಗ ಮಾಡಿದರೆ ಸಾಕು. ಎಡಕ್ಕೆ ಶಿಕ್ಷಕರು ಕೇಳುವ ಪ್ರಶ್ನೆ, ಅದೇ ಮಾತಿನಲ್ಲಿ. ನಡುವೆ ಮಕ್ಕಳು ಕೊಡಬಹುದಾದ ಉತ್ತರಗಳು, ತಪ್ಪುತ್ತರಗಳೂ ಸೇರಿ. ಬಲಕ್ಕೆ ಆ ಉತ್ತರ ಬಂದರೆ ಏನು ಮಾಡುವುದು ಎಂಬುದು.

ನಡುವಿನ ಭಾಗಕ್ಕೆ ಹೆಚ್ಚು ಹೊತ್ತು ಕೊಡಿ. ನಮ್ಮ ಭಿನ್ನರಾಶಿ ಪಾಠಕ್ಕೆ ನಾವು ಮೂರು ಉತ್ತರ ಊಹಿಸಿದ್ದೆವು. ತರಗತಿಯಲ್ಲಿ ನಾಲ್ಕನೆಯದು ಬಂತು. ಒಬ್ಬ ಹುಡುಗಿ ಎದ್ದು ನಿಂತು, ‘ಎರಡನೇ ರೊಟ್ಟಿ ದೊಡ್ಡದಿದ್ದರೆ?’ ಎಂದಳು. ಇಡೀ ಪಾಠದ ಅತ್ಯಂತ ಬೆಲೆಬಾಳುವ ಪ್ರಶ್ನೆ ಅದು. ‘ಪೂರ್ಣ’ ಒಂದೇ ಅಳತೆಯದಾಗಿದ್ದರೆ ಮಾತ್ರ ಹೋಲಿಕೆಗೆ ಅರ್ಥ ಎಂಬ ಮಾತನ್ನು ಮಗುವೇ ಮುಟ್ಟಿತ್ತು. ಆ ವರ್ಷದಿಂದ ನಾವು ಒಂದು ದೊಡ್ಡ, ಒಂದು ಚಿಕ್ಕ ರೊಟ್ಟಿಯನ್ನೂ ಬುಟ್ಟಿಯಲ್ಲಿ ಇಟ್ಟುಕೊಂಡು ಹೋಗುತ್ತೇವೆ.

ಹಂತ 5: ತರಗತಿಯಲ್ಲಿ ಕುಳಿತು ನೋಡುವುದು

ಜಪಾನಿನ ಶಿಕ್ಷಕರು 19ನೇ ಶತಮಾನದ ಕೊನೆಯ ಭಾಗದಿಂದಲೂ ಇದನ್ನು ವ್ರತದಂತೆ ನಡೆಸಿಕೊಂಡು ಬಂದಿದ್ದಾರೆ. ಅವರು ಅದನ್ನು ಜುಗ್ಯೋ ಕೆನ್‌ಕ್ಯೂ, ಅಂದರೆ ಪಾಠದ ಅಧ್ಯಯನ ಎನ್ನುತ್ತಾರೆ. ಹಲವರು ಸೇರಿ ಒಂದು ಪಾಠ ಕಟ್ಟುತ್ತಾರೆ, ಒಬ್ಬರು ಮಾಡುತ್ತಾರೆ, ಉಳಿದವರು ನೋಡುತ್ತಾರೆ, ತಿದ್ದಿ ಮತ್ತೊಂದು ತರಗತಿಯಲ್ಲಿ ಮಾಡುತ್ತಾರೆ. ಹೆಸರಿನಲ್ಲೇ ಇರುವಂತೆ, ಅಲ್ಲಿ ಅಧ್ಯಯನವಾಗುವುದು ಪಾಠ, ಶಿಕ್ಷಕರಲ್ಲ.

ನಮ್ಮಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತವರೆಂದರೆ ತಪಾಸಣೆಗೆ ಬಂದವರು ಎಂಬ ಅಂಜಿಕೆ ಆಳವಾಗಿದೆ. ಅದನ್ನು ಹೋಗಲಾಡಿಸಲು ಮೂರು ನಿಯಮ ಇಟ್ಟುಕೊಳ್ಳಿ. ನೋಡಲು ಬಂದವರು ಹಿಂದೆ ಕೂರದೆ ಪಕ್ಕದ ಗೋಡೆಯ ಬಳಿ, ಮಕ್ಕಳ ಮುಖ ಮತ್ತು ಸ್ಲೇಟು ಕಾಣುವಲ್ಲಿ ಕೂರಲಿ. ಪ್ರತಿಯೊಬ್ಬರೂ ಮೂರೋ ನಾಲ್ಕೋ ಮಕ್ಕಳನ್ನು ಮಾತ್ರ ಗಮನಿಸಲಿ; ಅವರು ಏನು ಬರೆದರು, ಯಾವಾಗ ಅಳಿಸಿದರು, ಪಕ್ಕದವರಿಗೆ ಏನು ಹೇಳಿದರು ಎಂದು ಗಂಟೆ-ನಿಮಿಷದ ಸಮೇತ ಬರೆದುಕೊಳ್ಳಲಿ. ಮತ್ತು ‘ಚೆನ್ನಾಗಿತ್ತು’, ‘ಗಲಾಟೆ ಹೆಚ್ಚಾಯಿತು’ ಎಂಬಂಥ ತೀರ್ಪಿನ ಮಾತು ಪುಸ್ತಕದಲ್ಲಿ ಬರಕೂಡದು. ‘11.20ಕ್ಕೆ ಕಿಟಕಿ ಪಕ್ಕದ ಹುಡುಗ ಸ್ಲೇಟು ಅಳಿಸಿದ’ ಎಂಬುದು ಉಪಯೋಗಕ್ಕೆ ಬರುವ ವಾಕ್ಯ.

ಹೋಗಲು ಸಾಧ್ಯವೇ ಇಲ್ಲವೆಂದಾದರೆ ಹತ್ತು ನಿಮಿಷದ ವಿಡಿಯೊ ಸಾಕು. ಕ್ಯಾಮೆರಾ ನಿಮ್ಮ ಮೇಲಿರದೆ ಮಕ್ಕಳ ಸ್ಲೇಟುಗಳ ಮೇಲಿರಲಿ.

ಹಂತ 6: ನೋಡಿದ ಮೇಲಿನ ಮಾತು

ಪಾಠ ಮಾಡಿದವರೇ ಮೊದಲು ಮಾತನಾಡಬೇಕು. ಏನು ಅಂದುಕೊಂಡಿದ್ದೆ, ಏನಾಯಿತು, ಎಲ್ಲಿ ಕೈತಪ್ಪಿತು. ಆಮೇಲೆ ನೋಡಿದವರು ತಮ್ಮ ಟಿಪ್ಪಣಿಯಿಂದ ಓದಿ ಹೇಳಲಿ. ಸಲಹೆ ಕೊನೆಗೆ, ಅದೂ ಒಂದೊಂದೇ. ಹಿರಿಯರು ಕೊನೆಯಲ್ಲಿ ಮಾತನಾಡುವುದು ಒಳ್ಳೆಯದು. ಮೊದಲು ಅವರು ಹೇಳಿಬಿಟ್ಟರೆ ಕಿರಿಯರು ಗೌರವದಿಂದ ಸುಮ್ಮನಾಗುತ್ತಾರೆ, ಕಂಡದ್ದು ಹೇಳದೆ ಉಳಿಯುತ್ತದೆ. ಮುಖ್ಯ ಶಿಕ್ಷಕರೋ ಸಿಆರ್‌ಪಿಯವರೋ ಬಂದಿದ್ದರೆ ಅವರೂ ಈ ಸರದಿಗೆ ಸೇರಲಿ. ಇಲ್ಲಿ ಆಡಿದ ಮಾತು ಯಾರ ಸೇವಾ ವಹಿಯ ಕಡೆಗೂ ಹೋಗುವುದಿಲ್ಲ ಎಂಬ ಭರವಸೆಯನ್ನು ಅವರ ಬಾಯಿಂದಲೇ ಪಡೆಯಿರಿ.

ಹಂತ 7: ತಂತ್ರಜ್ಞಾನ ಹಂಚಿಕೊಳ್ಳುವಾಗ

ಒಮ್ಮೆ ಒಂದು ತರಬೇತಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಹದಿನಾಲ್ಕು ಉಪಕರಣಗಳನ್ನು ಪರದೆಯ ಮೇಲೆ ತೋರಿಸಿದರು. ನಾವು ನೂರು ಜನ ಕುಳಿತು ನೋಡಿದೆವು. ಯಾರ ಬೆರಳೂ ಯಾವ ಕೀಲಿಯನ್ನೂ ಮುಟ್ಟಲಿಲ್ಲ. ಮರುವಾರ ನನ್ನಲ್ಲಿ ಉಳಿದಿದ್ದದ್ದು ಊಟದ ನೆನಪು ಮತ್ತು ಪ್ರಮಾಣಪತ್ರ. ಆ ನಷ್ಟಕ್ಕೆ ಇಂದಿಗೂ ನನಗೆ ಬೇಸರವಿದೆ, ಏಕೆಂದರೆ ಅಲ್ಲಿ ತೋರಿಸಿದ ಎರಡು ಮೂರು ಉಪಕರಣಗಳು ನಿಜಕ್ಕೂ ಒಳ್ಳೆಯವು.

ಹಾಗಾಗಿ ಒಂದು ಸಭೆಗೆ ಒಂದೇ ಉಪಕರಣ, ಅದೂ ಒಂದೇ ಪಾಠಕ್ಕೆ. ಕಲಿಯುವವರ ಫೋನು ಕಲಿಯುವವರ ಕೈಯಲ್ಲೇ ಇರಬೇಕು. ‘ಕೊಡಿ ಇಲ್ಲಿ, ನಾನು ಮಾಡಿಕೊಡುತ್ತೇನೆ’ ಎಂದು ಕಿತ್ತುಕೊಳ್ಳುವುದು ಪ್ರೀತಿಯಿಂದಲೇ ಆದರೂ ಕಲಿಕೆ ಅಲ್ಲಿಗೆ ನಿಲ್ಲುತ್ತದೆ. ಬಾಯಲ್ಲಿ ಹೇಳಿ, ಬೆರಳಿನಿಂದ ತೋರಿಸಿ, ಒತ್ತುವುದು ಅವರೇ. ಒಮ್ಮೆ ಆದ ಮೇಲೆ ಅವರು ಪಕ್ಕದವರಿಗೆ ಕಲಿಸಲಿ.

ಭಿನ್ನರಾಶಿಯ ಪಾಠಕ್ಕೆ ನಾವು ಆರಿಸಿಕೊಂಡದ್ದು ಫೆಟ್ (PhET), ಪರದೆಯ ಮೇಲೆ ಮಕ್ಕಳೇ ಮಾಡಿ ನೋಡಬಹುದಾದ ಗಣಿತ-ವಿಜ್ಞಾನ ಪ್ರಯೋಗಗಳ ಸಂಗ್ರಹ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಈ ಯೋಜನೆಯ ಪ್ರಯೋಗಗಳೆಲ್ಲ ಉಚಿತ. ಅದರ ಭಿನ್ನರಾಶಿ ಪ್ರಯೋಗದಲ್ಲಿ ಛೇದವನ್ನು ಒಂದೊಂದೇ ಏರಿಸುತ್ತ ಹೋದಂತೆ ವೃತ್ತದ ಹೋಳು ಕಣ್ಣೆದುರೇ ಸಣ್ಣದಾಗುತ್ತದೆ. ಇದನ್ನು ರೊಟ್ಟಿಗೆ ಬದಲಾಗಿ ಬಳಸಬಾರದು. ರೊಟ್ಟಿಯನ್ನು ಮೂರು ಬಾರಿ ಮುರಿದ ಮಗುವಿಗೆ ‘ಹಾಗಾದರೆ 1/8?’ ಎಂದು ಕೇಳಿ, ಸ್ಲೇಟಿನಲ್ಲಿ ಊಹೆ ಬರೆಸಿ, ಆಮೇಲೆ ಪರದೆ ತೋರಿಸಬೇಕು. ಊಹೆಗೆ ಮೊದಲೇ ಪರದೆ ಬಂದರೆ ಅದು ಬರೀ ಚಿತ್ರ. ಪ್ರೌಢಶಾಲೆಯ ರೇಖಾಗಣಿತಕ್ಕೆ ಜಿಯೋಜೀಬ್ರಾ ಎಂಬ ತಂತ್ರಾಂಶ ಇದೇ ಕೆಲಸ ಮಾಡುತ್ತದೆ. ತ್ರಿಭುಜದ ಒಂದು ಶೃಂಗವನ್ನು ಎಳೆದಾಡಿದರೂ ಕೋನಗಳ ಮೊತ್ತ 180 ಡಿಗ್ರಿಯಲ್ಲೇ ನಿಲ್ಲುವುದನ್ನು ಮಕ್ಕಳು ನೋಡುವಾಗ ತರಗತಿಯಲ್ಲಿ ಏಳುವ ಸದ್ದೇ ಬೇರೆ.

ಇನ್ನು ಸಾಮಾನು ಸರಂಜಾಮಿನ ವಿಚಾರ. ಬೇಕಾದ ಕಡತವನ್ನು ಹಿಂದಿನ ದಿನವೇ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲೂ ಇಟ್ಟುಕೊಳ್ಳಿ. ಫೆಟ್‌ನ ಬಹಳಷ್ಟು ಪ್ರಯೋಗಗಳು ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತವೆ. 2017ರಲ್ಲಿ ಬಂದ, ಕೇಂದ್ರ ಸರ್ಕಾರದ ಶಾಲಾ ಪಾಠಗಳ ದೀಕ್ಷಾ ಆ್ಯಪ್‌ನಲ್ಲೂ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ವಿಡಿಯೊಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು. ಪ್ರೊಜೆಕ್ಟರಿನ ಕೇಬಲ್ ನಿಮ್ಮ ಲ್ಯಾಪ್‌ಟಾಪಿಗೆ ಹೊಂದುತ್ತದೆಯೇ ಎಂದು ಮಕ್ಕಳು ಬರುವ ಮುಂಚೆ ನೋಡಿ. ಕರೆಂಟು ಹೋದರೆ ಪಾಠ ಎಲ್ಲಿಂದ ಮುಂದುವರಿಯುತ್ತದೆ ಎಂಬುದು ಯೋಜನೆಯ ಹಾಳೆಯಲ್ಲೇ ಇರಲಿ.

ಎಐ (ಕೃತಕ ಬುದ್ಧಿಮತ್ತೆ) ಬಗ್ಗೆ ಎಲ್ಲ ಗುಂಪುಗಳಲ್ಲೂ ಈಗ ಪ್ರಶ್ನೆ ಬರುತ್ತಿದೆ. ಅಭ್ಯಾಸದ ಲೆಕ್ಕ, ಕಥೆಯ ಬೇರೆ ಬೇರೆ ರೂಪ, ರಸಪ್ರಶ್ನೆ ಇವುಗಳ ಮೊದಲ ಕರಡಿಗೆ ಅದು ನೆರವಾಗುತ್ತದೆ. ಆದರೆ ಬಂದದ್ದನ್ನು ಹಾಗೆಯೇ ಮುಂದಕ್ಕೆ ಕಳಿಸಬೇಡಿ. ನಮ್ಮ ಪಠ್ಯದಲ್ಲಿ ಅಂಶ, ಛೇದ ಎಂದಿರುವ ಕಡೆ ಬೇರೆ ಪದ ಬಂದಿರಬಹುದು, ಉತ್ತರವೇ ತಪ್ಪಿರಬಹುದು. ಪ್ರತಿ ಲೆಕ್ಕವನ್ನೂ ಕೈಯಲ್ಲಿ ಬಿಡಿಸಿ ನೋಡಿದ ಮೇಲೆ ‘ಪರಿಶೀಲಿಸಿದೆ’ ಎಂದು ಬರೆದು ಕಳಿಸುವುದು ನಮ್ಮ ಗುಂಪಿನ ಪದ್ಧತಿ.

ಹಂತ 8: ಒಂದು ಪುಟದ ಟಿಪ್ಪಣಿ

ಕೆಲಸ ಮಾಡಿದ ಪಾಠ ಬರವಣಿಗೆಗೆ ಇಳಿಯದಿದ್ದರೆ ವರ್ಗಾವಣೆಯ ಜೊತೆಗೇ ಊರು ಬಿಡುತ್ತದೆ. ಒಂದು ಪುಟ ಮೀರಬೇಡಿ. ತರಗತಿ, ಪಾಠ, ಮಕ್ಕಳ ಸಂಖ್ಯೆ, ಎಡವಿದ ಜಾಗ, ನಿಮಿಷದ ಲೆಕ್ಕದಲ್ಲಿ ನಾವು ಮಾಡಿದ್ದು, ಮಕ್ಕಳು ಆಡಿದ ಎರಡು ಮಾತು ಅವರದೇ ಪದಗಳಲ್ಲಿ, ಕೊನೆಗೆ ಸರಿಹೋಗದೆ ಉಳಿದದ್ದು, ಇಷ್ಟು ಅದರಲ್ಲಿರಲಿ. ಈ ಕೊನೆಯ ಭಾಗ ಇಲ್ಲದ ಟಿಪ್ಪಣಿಯನ್ನು ನಾವು ಗುಂಪಿಗೆ ಸೇರಿಸುವುದಿಲ್ಲ. ಓದುವವರಿಗೆ ಹೆಚ್ಚು ಉಪಯೋಗವಾಗುವುದು ಅದೇ.

ಯಾವ ಫೋನಿನಲ್ಲೂ ಓದಲು ಬರುವ ಅಕ್ಷರ ಸಂಕೇತವಾದ ಯೂನಿಕೋಡಿನಲ್ಲೇ ಬರೆಯಿರಿ. ಕನ್ನಡ ಬರೆಯುವ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬರೆದ ಕಡತ ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಗುರುತು ಸಿಗದ ಚಿಹ್ನೆಗಳಾಗುತ್ತದೆ. ಎಷ್ಟೋ ಒಳ್ಳೆಯ ಪ್ರಶ್ನೆಪತ್ರಿಕೆಗಳು ಹಾಗೆ ಓದಲಾಗದೆ ಹೋಗಿವೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಹಳೆಯದನ್ನು ಬದಲಾಯಿಸುವ ಪರಿವರ್ತಕಗಳೂ ಇವೆ. ಕಡತದ ಹೆಸರು ‘ಹೊಸದು 2’ ಎಂದಿರದೆ ‘5ನೇ ತರಗತಿ, ಗಣಿತ, ಭಿನ್ನರಾಶಿ ಹೋಲಿಕೆ’ ಎಂದಿರಲಿ. ಹೆಚ್ಚು ಜನರಿಗೆ ತಲುಪಬೇಕೆನಿಸಿದರೆ ಇತರರೂ ಹಂಚಿ ಬಳಸಲು ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡಿ. ಬೇರೆಯವರ ಹಾಳೆಯಿಂದ ತೆಗೆದುಕೊಂಡದ್ದಾದರೆ ಅವರ ಹೆಸರನ್ನು ಅಳಿಸದೆ ಉಳಿಸಿ.

ವಾಟ್ಸಾಪ್ ಮತ್ತು ಮಕ್ಕಳ ಚಿತ್ರಗಳು

ಪಾಠದ ಗುಂಪನ್ನು ಸುತ್ತೋಲೆ, ಅಂಕಿ-ಅಂಶಗಳ ಗುಂಪಿನಿಂದ ಬೇರೆ ಇಡಿ. ಶುಭೋದಯ, ಹಬ್ಬದ ಶುಭಾಶಯ ಅಲ್ಲಿ ಬೇಡ. ಏನನ್ನಾದರೂ ಕಳಿಸುವಾಗ ‘ನಾನು ಇದನ್ನು ಇಂಥ ತರಗತಿಯಲ್ಲಿ ಮಾಡಿದೆ, ಹೀಗಾಯಿತು’ ಎಂಬ ಎರಡು ಸಾಲು ಜೊತೆಗಿರಲಿ. ಮಾಡಿ ನೋಡದ್ದನ್ನು ಕಳಿಸಬಾರದು.

ಮಕ್ಕಳ ಮುಖ ಕಾಣುವ ಚಿತ್ರ, ಅಂಕಪಟ್ಟಿ, ಹೆಸರು ಯಾವುದೂ ಗುಂಪಿಗೆ ಹೋಗಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನೆಲ್ಲ ಮಕ್ಕಳೆಂದು ಪರಿಗಣಿಸುತ್ತದೆ. ಅವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಕಾಯ್ದೆ ಇಲ್ಲದಿದ್ದರೂ, ತಪ್ಪು ಉತ್ತರ ಹಿಡಿದು ನಿಂತ ಮಗುವಿನ ಚಿತ್ರ ನೂರು ಫೋನುಗಳಲ್ಲಿ ಓಡಾಡುವುದು ನ್ಯಾಯವಲ್ಲ. ಸ್ಲೇಟು ಕಂಡರೆ ಸಾಕು, ಮುಖ ಬೇಡ.

ಏಕೋಪಾಧ್ಯಾಯ ಶಾಲೆಯವರಿಗೆ

ಶಾಲೆ ಬಿಟ್ಟು ಹೋಗಲು ಆಗದವರೇ ಹೆಚ್ಚು ಒಂಟಿಯಾಗಿರುವವರು. ಅವರನ್ನು ಸಭೆಗೆ ಕರೆಯುವ ಬದಲು ಸಭೆಯನ್ನೇ ಅವರ ಶಾಲೆಯಲ್ಲಿ ಇಡಿ. ಐದು ತರಗತಿಗಳನ್ನು ಒಂದೇ ಕೋಣೆಯಲ್ಲಿ ನಡೆಸುವುದು ಹೇಗೆಂದು ಅವರಿಂದಲೇ ಕಲಿಯಬೇಕಾದದ್ದು ಬಹಳ ಇದೆ. ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುವ ಕ್ರಮವನ್ನು ಅಷ್ಟು ಸಹಜವಾಗಿ ಬೇರೆಲ್ಲೂ ನಾನು ಕಂಡಿಲ್ಲ.

ಹಂತ 9: ಮೂರು ವಾರದ ನಂತರ ಮತ್ತೆ ಕೇಳಿ

ಹೆಚ್ಚಿನ ಗುಂಪುಗಳು ಬಿಟ್ಟುಬಿಡುವ ಹಂತ ಇದು. ಮೂರು ವಾರ ಕಳೆದ ಮೇಲೆ, ಯಾವ ಪೀಠಿಕೆಯೂ ಇಲ್ಲದೆ, ಅದೇ ಪ್ರಶ್ನೆಯನ್ನು ಸ್ವಲ್ಪ ಬದಲಾಯಿಸಿ ಕೇಳಿ: 1/6 ದೊಡ್ಡದೋ 1/9 ದೊಡ್ಡದೋ? ಸ್ಲೇಟು ಎತ್ತಿಸಿ, ಸರಿಯುತ್ತರ ಎಣಿಸಿ, ಪಾಠದ ದಿನದ ಎಣಿಕೆ ಮತ್ತು ಈಗಿನ ಎಣಿಕೆ ಎರಡನ್ನೂ ಗುಂಪಿಗೆ ಕಳಿಸಿ. ಪಾಠದ ದಿನ ಎಲ್ಲರೂ ಸರಿ ಬರೆದಿದ್ದ ನನ್ನ ತರಗತಿಯಲ್ಲಿ ಆರು ಮಕ್ಕಳು ಮತ್ತೆ ಹಳೆಯ ತಪ್ಪಿಗೆ ಮರಳಿದ್ದರು. ಆ ಆರು ಮಕ್ಕಳನ್ನು ಕೂರಿಸಿಕೊಂಡು ಮೇಡಂ ಕಾಗದ ಮಡಚಿಸಿದರು. ಒಂಬತ್ತು ಸಮ ಭಾಗ ಮಡಚಲು ಬೆರಳು ಪರದಾಡಿದಾಗ, ‘ಅಬ್ಬಾ, ಇಷ್ಟು ಸಣ್ಣದಾಗುತ್ತದೆಯಾ!’ ಎಂದ ಒಬ್ಬ.

ನಮ್ಮ ಗುಂಪು ಈಗ ಮುಂದಿನ ಪ್ರಶ್ನೆ ಹಿಡಿದಿದೆ. 0.35 ದೊಡ್ಡದೋ 0.5 ದೊಡ್ಡದೋ ಎಂದರೆ ಆರನೇ ತರಗತಿಯ ಅರ್ಧಕ್ಕೂ ಹೆಚ್ಚು ಸ್ಲೇಟುಗಳಲ್ಲಿ 0.35 ಬರುತ್ತಿದೆ, 5ಕ್ಕಿಂತ 35 ದೊಡ್ಡದಲ್ಲವೇ ಎಂಬುದು ಮಕ್ಕಳ ತರ್ಕ. ಬರುವ ಶನಿವಾರ ಪಾಠ ಕಟ್ಟಲು ಕೂರುತ್ತೇವೆ. ಈ ಬಾರಿ ನನ್ನ ತರಗತಿಯಲ್ಲೇ ಮಾಡುವುದೆಂದು ತೀರ್ಮಾನವಾಗಿದೆ. ಗೋಡೆಯ ಪಕ್ಕ ನಾಲ್ಕು ಕುರ್ಚಿ ಹಾಕಿಸಿದ್ದೇನೆ.